ಪಾಠ ಗೊತ್ತು, ಊಟಕ್ಕೆ ಟೈಮಿಲ್ಲ: ತುಮಕೂರು, ಗುಬ್ಬಿ, ಕುಣಿಗಲ್‌ನ ಪಿಯು ಮಕ್ಕಳು ಏನು ತಿಂತಿದ್ದಾರೆ?

ತುಮಕೂರು: ವಿಟಮಿನ್ ಎ ಕಡಿಮೆಯಾದರೆ ಏನಾಗುತ್ತೆ ಅಂತ ನಮ್ಮ ಜಿಲ್ಲೆಯ ಯಾವುದೇ ಹೈಸ್ಕೂಲ್ ಹುಡುಗನನ್ನು ಕೇಳಿ ನೋಡಿ. ಇರುಳುಗಣ್ಣು ಅಂತಾನೆ. ಸಿ ಕಡಿಮೆಯಾದರೆ ಸ್ಕರ್ವಿ, ಅಯೋಡಿನ್ ಕಡಿಮೆಯಾದರೆ ಗಳಗಂಡ, ಕಬ್ಬಿಣಾಂಶ ಕಡಿಮೆಯಾದರೆ ರಕ್ತಹೀನತೆ. ಆರನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲೇ ಆಹಾರದ ಘಟಕಗಳ ಪಾಠ ಬಂದು ಹೋಗಿರುತ್ತದೆ. ಆಲೂಗಡ್ಡೆ ಚೂರಿನ ಮೇಲೆ ಅಯೋಡಿನ್ ಹನಿ ಬಿದ್ದು ಕಪ್ಪು-ನೀಲಿಯಾದದ್ದು ಎಷ್ಟೋ ಮಕ್ಕಳಿಗೆ ಇನ್ನೂ ನೆನಪಿರುತ್ತದೆ. ಇನ್ನು ಸೆಪ್ಟೆಂಬರ್ ಬಂತೆಂದರೆ ಪೋಷಣ್ ಮಾಸಾಚರಣೆ. ಸೊಪ್ಪು-ಕಾಳುಗಳ ರಂಗೋಲಿ, ಭಾಷಣ, ಪ್ರಬಂಧ ಸ್ಪರ್ಧೆ, ಬಹುಮಾನಕ್ಕೆ ಸ್ಟೀಲ್ ಲೋಟ.

ಅದೇ ಮಕ್ಕಳು ಪಿಯುಸಿಗೆ ಬಂದ ಮೇಲೆ ಸಂಜೆ ನಾಲ್ಕೂವರೆಗೆ ತುಮಕೂರಿನ ಬಿ.ಹೆಚ್. ರಸ್ತೆಯಲ್ಲಿ, ಗುಬ್ಬಿ ಬಸ್ ನಿಲ್ದಾಣದ ಹತ್ತಿರ, ಕುಣಿಗಲ್ ಪೇಟೆಯಲ್ಲಿ ನಿಂತು ಏನು ತಿಂತಾರೆ ಅನ್ನೋದನ್ನು ನಾವೆಲ್ಲ ದಿನಾ ನೋಡ್ತೀವಿ. ಗೋಬಿ, ಪಾನಿಪುರಿ, ಎಗ್ ಪಫ್ಸ್, ಐದು ರೂಪಾಯಿ ಚಿಪ್ಸ್ ಪೊಟ್ಟಣ, ಒಂದು ಬಾಟಲ್ ಕೋಲಾವನ್ನು ಮೂರು ಜನ ಹಂಚಿಕೊಂಡು. ಪ್ರಬಂಧದಲ್ಲಿ ಫಸ್ಟ್ ಬಂದ ಹುಡುಗಿಯೂ ಆ ಗುಂಪಿನಲ್ಲಿ ಇದ್ದರೆ ಆಶ್ಚರ್ಯವಿಲ್ಲ.

ಇದನ್ನು ನೋಡಿದ ತಕ್ಷಣ ವೇದಿಕೆ ಮೇಲಿರುವವರು ಹೇಳುವ ಮಾತು ಒಂದೇ: ಮಕ್ಕಳಲ್ಲಿ ಅರಿವು ಮೂಡಿಸಬೇಕು. ಅರಿವು ಮೂಡಿಸಿ ಮೂಡಿಸಿ ಸಾಕಾಗಿದೆ. ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನೋದು ಇಲ್ಲಿ ಮುಖ್ಯ ಕಾರಣವೇ ಅಲ್ಲ. ಅವರ ತಟ್ಟೆಯನ್ನು ತೀರ್ಮಾನ ಮಾಡ್ತಿರೋದು ಬೆಳಗಿನ ಬಸ್ಸು, ಜೇಬಿನ ಇಪ್ಪತ್ತು ರೂಪಾಯಿ, ಮತ್ತು ಹತ್ತನೇ ಕ್ಲಾಸ್ ಮುಗಿದ ದಿನ ನಿಂತುಹೋಗುವ ಸರ್ಕಾರಿ ಊಟ.

ಲೆಕ್ಕ ಏನು ಹೇಳುತ್ತೆ

ತಿಳಿವಳಿಕೆಗೂ ಊಟಕ್ಕೂ ಎಷ್ಟು ನಂಟು ಅನ್ನೋದನ್ನು ಹೊರದೇಶಗಳಲ್ಲಿ ಅಳೆದು ನೋಡಿದ್ದಾರೆ. 2014ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್‌ನಲ್ಲಿ 29 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಪರಿಶೀಲನೆ ಪ್ರಕಟವಾಯಿತು. ಹೆಚ್ಚು ತಿಳಿದವರು ಸ್ವಲ್ಪ ಚೆನ್ನಾಗಿ ತಿನ್ನುತ್ತಾರೆ ಅಂತ ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಹೇಳಿದವು, ಆದರೆ ಆ ನಂಟು ದುರ್ಬಲ. ಅವು ದೊಡ್ಡವರ ಮೇಲೆ ನಡೆದ ಅಧ್ಯಯನಗಳು. ಸ್ವಂತ ಸಂಬಳ, ಸ್ವಂತ ಅಡುಗೆಮನೆ ಇರುವವರ ಕಥೆಯೇ ಹೀಗಾದರೆ, ಅಮ್ಮ ಕೊಟ್ಟ ಡಬ್ಬಿ ಮತ್ತು ಅಪ್ಪ ಕೊಟ್ಟ ಚಿಲ್ಲರೆ ಮೇಲೆ ಬದುಕುವ ಹದಿನಾರರ ಹುಡುಗಿಯ ಕೈಯಲ್ಲಿ ಏನಿದೆ?

ಇದು ಚಿಕ್ಕ ವಿಷಯ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59.1 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧ. ಅಂದರೆ ಒಂದು ಬೆಂಚಿನಲ್ಲಿ ನಾಲ್ಕು ಹುಡುಗಿಯರು ಕೂತಿದ್ದರೆ ಅವರಲ್ಲಿ ಇಬ್ಬರಿಗೆ ರಕ್ತ ಕಡಿಮೆ. ಮಧ್ಯಾಹ್ನದ ಪೀರಿಯಡ್‌ನಲ್ಲಿ ತೂಕಡಿಸುವವರಿಗೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರಿಗೆ ನಾವು ಸೋಮಾರಿ ಅಂತ ಹೆಸರಿಟ್ಟುಬಿಡ್ತೀವಿ.

ಅಗತ್ಯದ ಲೆಕ್ಕವನ್ನೂ ನೋಡೋಣ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ನಿಗದಿ ಮಾಡಿದಂತೆ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣಾಂಶ, 1050 ಮಿಲಿಗ್ರಾಂ ಕ್ಯಾಲ್ಸಿಯಂ, 46 ಗ್ರಾಂ ಪ್ರೋಟೀನ್ ಬೇಕು. ಅದೇ ವಯಸ್ಸಿನ ಹುಡುಗನಿಗೆ ಪ್ರೋಟೀನ್ 55 ಗ್ರಾಂ, ಕಬ್ಬಿಣಾಂಶ 26 ಮಿಲಿಗ್ರಾಂ. ಹುಡುಗಿ ಕಡಿಮೆ ತಿಂದರೂ ನಡೆಯುತ್ತೆ ಅಂದುಕೊಂಡಿರುವ ಮನೆಗಳು ಈ ಕಬ್ಬಿಣದ ಲೆಕ್ಕವನ್ನು ಎರಡು ಸಲ ಓದಬೇಕು.

ಮುದ್ದೆ ತಿಂದ್ರೆ ಎಲ್ಲ ಸರಿಹೋಗುತ್ತಾ?

ನಮ್ಮ ಕಡೆ ಇದಕ್ಕೊಂದು ರೆಡಿ ಉತ್ತರ ಇದೆ. ಮುದ್ದೆ ಬಿಟ್ಟಿದ್ದೇ ತಪ್ಪು, ನಾಲ್ಕು ದಿನ ಮುದ್ದೆ ಉಂಡರೆ ರಕ್ತ ತಾನಾಗಿ ಬರುತ್ತೆ. ಇದರಲ್ಲಿ ಅರ್ಧ ಸತ್ಯ ಇದೆ. ಅದೇ ಪೌಷ್ಟಿಕತೆ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಮೂಳೆ ಬೆಳೆಯುವ ವಯಸ್ಸಿನಲ್ಲಿ ಒಂದು ಹೊತ್ತು ಮುದ್ದೆ ಉಂಡರೆ ದಿನದ ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಭಾಗ ಬಂತು ಅಂತಲೇ ಲೆಕ್ಕ.

ಆದರೆ ಕಬ್ಬಿಣಾಂಶ? 100 ಗ್ರಾಂ ರಾಗಿಯಲ್ಲಿ ಇರೋದು 4.6 ಮಿಲಿಗ್ರಾಂ. ಬೇಕಾದದ್ದು 32. ಅದರಲ್ಲೂ ಧಾನ್ಯ, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಪೂರ್ತಿ ಹೀರಿಕೊಳ್ಳೋದಿಲ್ಲ, ಸ್ವಲ್ಪ ಭಾಗ ಮಾತ್ರ. ಮುದ್ದೆಯ ಜೊತೆಗಿದ್ದ ಹುರುಳಿಕಾಳು, ಸೊಪ್ಪಿನ ಬಸ್ಸಾರು, ಮಸೊಪ್ಪು, ಮೇಲೆ ಹಿಂಡಿದ ನಿಂಬೆಹಣ್ಣು, ಇವೆಲ್ಲ ಸೇರಿ ಕೆಲಸ ಮಾಡುತ್ತಿದ್ದವು. ಹುರುಳಿಯಲ್ಲಿ ರಾಗಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಕಬ್ಬಿಣಾಂಶ ಇದೆ. ಈಗ ಮುದ್ದೆ ಇದ್ದ ಮನೆಯಲ್ಲೂ ಸಾರು ತೆಳ್ಳಗಾಗಿದೆ, ಕಾಳು ಕಮ್ಮಿಯಾಗಿದೆ. ತಟ್ಟೆಯಲ್ಲಿ ಅನ್ನದ ಗುಡ್ಡ, ಪಕ್ಕದಲ್ಲಿ ಉಪ್ಪಿನಕಾಯಿ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ತಿಳಿವಳಿಕೆ ಪೂರ್ತಿ ದಂಡ ಅಲ್ಲ. ಆದರೆ ಕೆಲಸಕ್ಕೆ ಬರುವ ತಿಳಿವಳಿಕೆ ಬೇರೆ, ಪರೀಕ್ಷೆಗೆ ಬರುವ ತಿಳಿವಳಿಕೆ ಬೇರೆ. ಸ್ಕರ್ವಿ ಅನ್ನೋ ಕಾಯಿಲೆಯನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಕಣ್ಣಲ್ಲಿ ನೋಡಿದ್ದಾರೆ? ಅದೇ ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತೋದಿಲ್ಲ, ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ ಅನ್ನೋ ಒಂದು ಮಾತು ದಿನಾ ಕೆಲಸಕ್ಕೆ ಬರುತ್ತದೆ. 2024ರ ಮೇ ತಿಂಗಳಲ್ಲಿ ಬಂದ ಐಸಿಎಂಆರ್ ಆಹಾರ ಮಾರ್ಗಸೂಚಿಯಲ್ಲೂ ಇದನ್ನು ಹೇಳಿದ್ದಾರೆ. ಬೆಳಿಗ್ಗೆ ಚಿತ್ರಾನ್ನ ಮತ್ತು ಟೀ ಒಟ್ಟಿಗೇ ಮುಗಿಸಿ ಬಸ್ಸಿಗೆ ಓಡುವ ಮನೆಗಳಿಗೆ ಇದು ಇನ್ನೂ ತಲುಪಿಲ್ಲ. ಇದಕ್ಕೆ ದುಡ್ಡು ಬೇಕಿಲ್ಲ. ಲೋಟ ಒಂದು ಗಂಟೆ ಮುಂದೆ ಹೋಗಬೇಕು ಅಷ್ಟೇ.

ಏಳು ಗಂಟೆ ಬಸ್ಸು

ಹಾಗಲವಾಡಿ ಕಡೆಯಿಂದಲೋ ಸಿ.ಎಸ್. ಪುರದಿಂದಲೋ ತುಮಕೂರಿನ ಕಾಲೇಜಿಗೆ ಬರುವ ಹುಡುಗಿಯ ದಿನಚರಿ ನೋಡಿ. ಗುಬ್ಬಿಯಿಂದ ತುಮಕೂರಿಗೆ 20 ಕಿಲೋಮೀಟರ್ ಆಸುಪಾಸು, ಆದರೆ ಹಳ್ಳಿಯಿಂದ ಗುಬ್ಬಿಗೆ ಬರೋದೇ ಇನ್ನೊಂದು ಪ್ರಯಾಣ. ಹುಲಿಯೂರುದುರ್ಗ, ಅಮೃತೂರು ಕಡೆಯವರಿಗೆ ಕುಣಿಗಲ್ ಕಾಲೇಜೇ ದೂರ, ಅಲ್ಲಿಂದ ತುಮಕೂರಿಗೆ ಹೋಗುವವರ ಪಾಡು ಹೇಳುವುದೇ ಬೇಡ. ಏಳು, ಏಳೂವರೆ ಬಸ್ಸು ತಪ್ಪಿದರೆ ಫಸ್ಟ್ ಪೀರಿಯಡ್ ಹೋಯ್ತು. ಆ ಹೊತ್ತಿಗೆ ಮನೆಯಲ್ಲಿ ಹಾಲು ಕರೆಯೋದು, ಡೇರಿಗೆ ಹಾಕೋದು ನಡೀತಿರುತ್ತದೆ. ತಿಂಡಿ ಆಗಿದ್ದರೂ ಬೆಳಿಗ್ಗೆ ಆರೂವರೆಗೆ ಗಂಟಲಲ್ಲಿ ಇಳಿಯಬೇಕಲ್ಲ. ಒಂದು ಲೋಟ ಟೀ, ಎರಡು ಬಿಸ್ಕತ್ತು, ಆಮೇಲೆ ಬಸ್ಸಿನಲ್ಲಿ ನಿಂತುಕೊಂಡು ಒಂದು ಗಂಟೆ.

ಡಬ್ಬಿ ತಂದರೆ ಅದೂ ಸಾಮಾನ್ಯವಾಗಿ ಅನ್ನವೇ. ಚಿತ್ರಾನ್ನ, ಪುಳಿಯೋಗರೆ, ಟೊಮೇಟೊ ಬಾತ್. ಸಾರು ತಂದರೆ ಬ್ಯಾಗಿನಲ್ಲಿ ಚೆಲ್ಲುತ್ತೆ, ಮುದ್ದೆ ಆರಿದರೆ ಕಲ್ಲು, ಎಲ್ಲರೆದುರು ಮುದ್ದೆ ಬಿಚ್ಚಿದರೆ ನಗ್ತಾರೆ ಅನ್ನೋ ಸಂಕೋಚ ಬೇರೆ. ಹಳ್ಳಿ ಮಕ್ಕಳ ಈ ಸಂಕೋಚವನ್ನು ಯಾವ ಪೋಷಣಾ ಭಾಷಣವೂ ಮುಟ್ಟಿಲ್ಲ. ಸಂಜೆ ಟ್ಯೂಷನ್ ಇದ್ದರೆ ಮನೆ ಸೇರೋದು ಏಳು ಗಂಟೆ. ಮಧ್ಯಾಹ್ನ ಒಂದರ ತಣ್ಣಗಿನ ಅನ್ನಕ್ಕೂ ರಾತ್ರಿ ಎಂಟರ ಊಟಕ್ಕೂ ನಡುವೆ ಏಳು ಗಂಟೆ ಹಸಿವು. ಗೋಬಿ ಗಾಡಿ ನಿಂತಿರೋದು ಸರಿಯಾಗಿ ಆ ಹಸಿವಿನ ದಾರಿಯಲ್ಲಿ. ಹುಡುಗಿಗೆ ಗೋಬಿ ಒಳ್ಳೇದಲ್ಲ ಅಂತ ಗೊತ್ತಿಲ್ಲವೇ? ಗೊತ್ತು. ಬೇರೆ ಏನಿದೆ ಅಲ್ಲಿ?

ಆ ಗೋಬಿಯಲ್ಲಿ ಏನಿತ್ತು ಅನ್ನೋದೂ 2024ರಲ್ಲಿ ಗೊತ್ತಾಯಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಮಾರ್ಚ್ 11ರಂದು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ರಾಜ್ಯದಲ್ಲಿ ಸಂಗ್ರಹಿಸಿದ್ದ ಗೋಬಿಯ 171 ಮಾದರಿಗಳಲ್ಲಿ 100ಕ್ಕೂ ಹೆಚ್ಚು ಅಸುರಕ್ಷಿತ ಅಂತ ವರದಿ ಬಂದಿತ್ತು. ಜೂನ್‌ನಲ್ಲಿ ಕಬಾಬ್ ಬಣ್ಣಕ್ಕೂ ನಿಷೇಧ ಬಂತು. ಒಂದಷ್ಟು ದಿನ ಗೋಬಿ ಬೆಳ್ಳಗಾಗಿತ್ತು. ಗಿರಾಕಿ ಕಡಿಮೆಯಾಗಲಿಲ್ಲ. ಬಣ್ಣದ ಸುದ್ದಿಯನ್ನು ಮೊಬೈಲ್‌ನಲ್ಲಿ ನೋಡಿದ ಮಕ್ಕಳೇ ಗಾಡಿ ಮುಂದೆ ಕ್ಯೂ ನಿಂತಿದ್ದರು. ತಿಳಿವಳಿಕೆಯಿಂದ ಮಾತ್ರ ಆಗುವ ಕೆಲಸ ಆಗಿದ್ದರೆ ಆ ತಿಂಗಳೇ ಆಗಬೇಕಿತ್ತು.

ಹತ್ತನೇ ಕ್ಲಾಸಿಗೆ ನಿಲ್ಲುವ ಮೊಟ್ಟೆ

ಈಗ ಅಸಲು ವಿಷಯಕ್ಕೆ ಬರೋಣ. ಸರ್ಕಾರಿ ಹೈಸ್ಕೂಲಿನಲ್ಲಿ ಓದುವ ಹುಡುಗಿಗೆ ಅಕ್ಷರ ದಾಸೋಹದ ಬಿಸಿಯೂಟ ಇದೆ. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್ 1ರಿಂದ ಇದೆ. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಸೇರಿತು. ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ಆರು ದಿನಕ್ಕೆ ಏರಿಸಿದರು. ಮೂರು ವರ್ಷಕ್ಕೆ ಫೌಂಡೇಷನ್ ಒಪ್ಪಿಕೊಂಡ ಹಣ ಸುಮಾರು 1,591 ಕೋಟಿ ರೂಪಾಯಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಸೌತೆಕಾಯಿ ತರಹ ತೆಳ್ಳಗಿದ್ದ ಮಕ್ಕಳಿಗೆ ದಿನಕ್ಕೊಂದು ಮೊಟ್ಟೆ ಅಂದರೆ ಆರು ಗ್ರಾಂ ಒಳ್ಳೆ ಪ್ರೋಟೀನ್. ಯಾರೂ ಪ್ರಬಂಧ ಬರೆಸದೆ, ಬೋಧನೆ ಮಾಡದೆ ಅವರ ಆಹಾರ ಪದ್ಧತಿ ಬದಲಾಯಿತು. ತಟ್ಟೆಗೆ ಬಂತು, ತಿಂದರು.

ಎಸ್ಸೆಸ್ಸೆಲ್ಸಿ ಮುಗಿಯಿತು. ಮುಂದಿನ ಜೂನ್‌ನಲ್ಲಿ ಅದೇ ಹುಡುಗಿ ಅದೇ ಊರಿನ ಸರ್ಕಾರಿ ಪಿಯು ಕಾಲೇಜಿಗೆ ಸೇರಿದಳು. ಕೆಲವು ಕಡೆ ಕಾಂಪೌಂಡ್ ಕೂಡ ಒಂದೇ. ಹಾಲು ಇಲ್ಲ, ಮೊಟ್ಟೆ ಇಲ್ಲ, ಊಟ ಇಲ್ಲ. ಅಡುಗೆಯವರು ಒಗ್ಗರಣೆ ಹಾಕುವ ವಾಸನೆ ಮಾತ್ರ ಬರುತ್ತದೆ. ಇದುವರೆಗೆ ಬಿಸಿಯೂಟ ರೂಢಿಯಲ್ಲಿರೋದು ಹತ್ತನೇ ತರಗತಿವರೆಗೆ. ದೇಹಕ್ಕೆ ಕಬ್ಬಿಣಾಂಶ ಅತಿ ಹೆಚ್ಚು ಬೇಕಾದ ವಯಸ್ಸಿಗೆ ಸರಿಯಾಗಿ ಊಟ ಕೈಬಿಡುತ್ತದೆ.

ಕೇಂದ್ರದ ಕಡೆ ನೋಡಿದರೆ, ಪೋಷಣ್ 2.0 ಅಡಿ 14ರಿಂದ 18 ವರ್ಷದ ಹೆಣ್ಣುಮಕ್ಕಳಿಗಾಗಿಯೇ ಒಂದು ಯೋಜನೆ ಇದೆ. ಆದರೆ ಅದು ಈಶಾನ್ಯ ರಾಜ್ಯಗಳಿಗೆ ಮತ್ತು ಮಹತ್ವಾಕಾಂಕ್ಷಿ ಜಿಲ್ಲೆಗಳಿಗೆ ಮಾತ್ರ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರೋದು ರಾಯಚೂರು ಮತ್ತು ಯಾದಗಿರಿ. ಅಲ್ಲಿಗೆ ಮೊದಲು ಸಿಗಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪಾವಗಡ, ಶಿರಾ, ಗುಬ್ಬಿಯ ಹುಡುಗಿ ಯಾವ ಪಟ್ಟಿಗೂ ಬರುವುದಿಲ್ಲ.

ಉಳಿದಿರೋದು ವಾರಕ್ಕೊಂದು ನೀಲಿ ಮಾತ್ರೆ. 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ. ಒಳ್ಳೆಯ ಮಾತ್ರೆ, ಸಾಲದೆಂದರೂ ಬೇಕಾದ ಮಾತ್ರೆ. ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳೆಸುತ್ತೆ, ಊಟದ ನಂತರವೇ ತೆಗೆದುಕೊಳ್ಳಬೇಕು. ಹೈಸ್ಕೂಲಿನಲ್ಲಿ ಬಿಸಿಯೂಟ ಆದ ಮೇಲೆ ಟೀಚರ್ ಎದುರೇ ನುಂಗಿಸಬಹುದು. ಬೆಳಿಗ್ಗೆ ಟೀ-ಬಿಸ್ಕತ್ತಿನಲ್ಲಿ ಬಂದ ಪಿಯು ಹುಡುಗಿ ಅದನ್ನು ಒಂದು ಸಲ ನುಂಗಿ ವಾಂತಿ ಮಾಡಿಕೊಂಡರೆ ಮುಂದಿನ ವಾರದ ಮಾತ್ರೆ ಬ್ಯಾಗಿನ ತಳ ಸೇರುತ್ತದೆ. ಇದು ಅರಿವಿನ ಕೊರತೆಯೇ? ಅವಳ ಅನುಭವವೇ ಅವಳಿಗೆ ಕಲಿಸಿದ ಅರಿವು ಅದು.

ಹಾಸ್ಟೆಲ್ ಮಕ್ಕಳ ಕಥೆ ಬೇರೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಲ್ಲಿ ಊಟದ ಗುಣಮಟ್ಟದ ಬಗ್ಗೆ ದೂರು ಬರುತ್ತಿರುತ್ತವೆ, ಆದರೂ ಹೊತ್ತು ಹೊತ್ತಿಗೆ ತಟ್ಟೆ ಇದೆ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಪ್ರಸಾದ ಸ್ವೀಕರಿಸುವುದನ್ನು ನೋಡಿದವರಿಗೆ ಒಂದು ವಿಷಯ ಹೊಳೆಯುತ್ತದೆ. ಆ ಸಾಲಿನಲ್ಲಿ ಯಾರೂ ಪ್ರೋಟೀನ್ ಲೆಕ್ಕ ಹಾಕುತ್ತಾ ಕೂತಿರುವುದಿಲ್ಲ. ಹೊತ್ತು ಆಯಿತು, ಎಲೆ ಮುಂದೆ ಕೂತರು, ಬಡಿಸಿದ್ದು ಉಂಡರು. ದಾಸೋಹ ಅನ್ನೋ ಪದವನ್ನು ಸರ್ಕಾರದ ಊಟದ ಯೋಜನೆಯೂ ಹೆಸರಿನಲ್ಲಿ ಇಟ್ಟುಕೊಂಡಿದೆ. ಆ ಹೆಸರಿನ ಊರಲ್ಲೇ ದಿನಾ ಬಸ್ಸಿನಲ್ಲಿ ಬಂದು ಹೋಗುವ ಪಿಯು ಮಕ್ಕಳು ಹಸಿದುಕೊಂಡು ನಿಂತಿದ್ದಾರೆ.

ರೀಲ್ಸ್ ನೋಡಿ ಪ್ರೋಟೀನ್

ತುಮಕೂರು ನಗರದ ಹುಡುಗರಲ್ಲಿ ಇನ್ನೊಂದು ಬಗೆಯ ತಿಳಿವಳಿಕೆ ಬಂದಿದೆ. ಎಸ್.ಎಸ್. ಪುರಂ, ಸೋಮೇಶ್ವರಪುರಂ ಕಡೆ ಜಿಮ್‌ಗೆ ಹೋಗುವ ಹದಿನೇಳರ ಹುಡುಗನಿಗೆ ಪ್ರೋಟೀನ್ ಬಗ್ಗೆ ಅವನ ಬಯಾಲಜಿ ಮೇಷ್ಟ್ರಿಗಿಂತ ಹೆಚ್ಚು ಮಾತು ಬರುತ್ತೆ. ಎಲ್ಲಾ ರೀಲ್ಸ್‌ನಿಂದ ಕಲಿತದ್ದು. ಸಾವಿರಾರು ರೂಪಾಯಿ ಡಬ್ಬದ ಪುಡಿ ಕೊಡಿಸಿ ಅಂತ ಮನೆಯಲ್ಲಿ ಜಗಳ. ಐಸಿಎಂಆರ್ 2024ರ ಮಾರ್ಗಸೂಚಿ ಮೈ ಕಟ್ಟಲು ಪ್ರೋಟೀನ್ ಪುಡಿ ಬೇಡ ಅಂತ ನೇರವಾಗಿ ಹೇಳಿದೆ. ಅವನಿಗೆ ದಿನಕ್ಕೆ ಬೇಕಾದ 55 ಗ್ರಾಂ ಎಲ್ಲಿಂದ ಬರುತ್ತೆ? ಪಾವಗಡದ ಕಡ್ಲೆಕಾಯಿ 100 ಗ್ರಾಂಗೆ ಸುಮಾರು 25 ಗ್ರಾಂ, ಹುರುಳಿಯಲ್ಲಿ 20ಕ್ಕೂ ಹೆಚ್ಚು. ಈ ಮಾತನ್ನು ರೀಲ್ಸ್‌ನಲ್ಲಿ ಕನ್ನಡದಲ್ಲಿ ಹೇಳುವವರು ಕಡಿಮೆ, ಅದರಲ್ಲಿ ಕಮಿಷನ್ ಇಲ್ಲವಲ್ಲ.

ಪೊಟ್ಟಣದ ಹಿಂದೆ ಬರೆದಿರುತ್ತೆ, ಓದಿಕೊಂಡು ತಿನ್ನಲಿ ಅನ್ನೋರೂ ಇದ್ದಾರೆ. ಯಾವ ಭಾಷೆಯಲ್ಲಿ ಬರೆದಿರುತ್ತೆ ಅಂತ ನೋಡಿದ್ದೀರಾ? ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು, ಕನ್ನಡ ಕಡ್ಡಾಯ ಅಲ್ಲ. ಆರನೇ ಕ್ಲಾಸಿನಲ್ಲಿ ಶರ್ಕರಪಿಷ್ಟ, ಮೇದಸ್ಸು ಅಂತ ಕಲಿತ ಹುಡುಗಿ ಇರುವೆ ಸಾಲಿನಂತಹ ಇಂಗ್ಲಿಷ್ ಅಕ್ಷರದಲ್ಲಿ ಸೋಡಿಯಂ ಎಷ್ಟು ಅಂತ ಹುಡುಕಬೇಕು. 250 ಮಿಲಿಲೀಟರ್ ಕೋಲಾದಲ್ಲಿ 25 ಗ್ರಾಂ ದಾಟುವ ಸಕ್ಕರೆ, ಅಂದರೆ ಐದಾರು ಚಮಚ. ಹೀಗೆ ಚಮಚದ ಲೆಕ್ಕದಲ್ಲಿ ಬರೆದಿದ್ದರೆ ಯಾರಿಗಾದರೂ ಅರ್ಥವಾಗುತ್ತಿತ್ತು.

ಐವತ್ತು ಮೀಟರ್

ಕಾನೂನು ಇಲ್ಲವೇ? ಇದೆ. ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಸೆಪ್ಟೆಂಬರ್‌ನಲ್ಲೇ ನಿಯಮ ತಂದಿದೆ. ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಯಾವುದಾದರೂ ಶಾಲೆ ಗೇಟಿನಿಂದ 50 ಹೆಜ್ಜೆ ನಡೆದು ನೋಡಿ, ಎಷ್ಟು ಅಂಗಡಿಯಲ್ಲಿ ಪೊಟ್ಟಣಗಳ ಸರ ನೇತಾಡ್ತಿದೆ ಅಂತ ನೀವೇ ಎಣಿಸಿ.

ಹಾಗಂತ ಗಾಡಿಯವರನ್ನು ಓಡಿಸಿ ಅಂತ ನಾವು ಬರೆಯುವುದಿಲ್ಲ. ಅವರೂ ಹೊಟ್ಟೆಪಾಡಿಗೆ ನಿಂತವರು, ಓಡಿಸಿದರೆ 51ನೇ ಮೀಟರ್‌ನಲ್ಲಿ ನಿಲ್ತಾರೆ. ಆ ಹಸಿವಿಗೆ ಅಲ್ಲೇ ಬೇರೆ ತಿಂಡಿ ಸಿಗಬೇಕು. ಬೇಯಿಸಿದ ಮೊಟ್ಟೆ, ಬೇಯಿಸಿದ ಕಡ್ಲೆಕಾಯಿ, ಕಡ್ಲೆಕಾಳು ಉಸ್ಲಿ, ಖಾರ-ಉಪ್ಪು ಹಚ್ಚಿದ ಸೀಬೆಹಣ್ಣು. ಸೀಬೆಯಲ್ಲಿ ಸಿ ವಿಟಮಿನ್ ಕಿತ್ತಳೆಗಿಂತ ಹೆಚ್ಚು, ಕಬ್ಬಿಣಾಂಶ ಮೈಗೆ ಹತ್ತೋದಕ್ಕೆ ಅದೇ ಬೇಕಾದದ್ದು. ಇವ್ಯಾವುವೂ ಗೋಬಿಗಿಂತ ದುಬಾರಿ ಅಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಸಂಜೆ ಹೊತ್ತಿನ ಕರಿದ ತಿಂಡಿಗಿಂತ ಎಷ್ಟೋ ವಾಸಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸು ಈಗ ರಾಜ್ಯಕ್ಕೇ ಗೊತ್ತು, ಅಲ್ಲಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಸಿದ್ದು ತಳಿಯನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದ ಮೇಲಂತೂ ಸಸಿಗೆ ಬೇಡಿಕೆ. ಆದರೆ ಹಲಸಿನ ಕಾಲದಲ್ಲಿ ಗುಬ್ಬಿ ಕಾಲೇಜಿನ ಎದುರು ಹತ್ತು ರೂಪಾಯಿಗೆ ನಾಲ್ಕು ತೊಳೆ ಸಿಗುವುದು ಅಪರೂಪ, ಲೋಡ್ ಬೆಂಗಳೂರಿಗೆ ಹೋಗಿರುತ್ತದೆ.

ಪಿಯು ಕಾಲೇಜಿಗೆ ಬಿಸಿಯೂಟ ವಿಸ್ತರಿಸುವುದು ರಾಜ್ಯ ಮಟ್ಟದ ತೀರ್ಮಾನ, ಬಜೆಟ್ ಬೇಕು. ಅದನ್ನು ಕೇಳುತ್ತಲೇ ಇರಬೇಕು, ನಮ್ಮ ಶಾಸಕರು ಕೇಳಬೇಕು. ಆದರೆ ಹೈಸ್ಕೂಲು ಮತ್ತು ಪಿಯು ಒಂದೇ ಆವರಣದಲ್ಲಿರುವ ಕಡೆ ಅಡುಗೆಮನೆ ಇದೆ, ಪಾತ್ರೆ ಇದೆ, ಅಡುಗೆಯವರೂ ಇದ್ದಾರೆ. ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿಯನ್ನೋ, ಮಧ್ಯಾಹ್ನ ಡಬ್ಬಿ ಅನ್ನಕ್ಕೆ ಒಂದು ಸೌಟು ಕಾಳಿನ ಸಾರನ್ನೋ ಕೊಡೋದಕ್ಕೆ ಕಾಲೇಜು ಅಭಿವೃದ್ಧಿ ಸಮಿತಿ, ದಾನಿಗಳು ಮನಸ್ಸು ಮಾಡಿದರೆ ಸಾಕು. ಕ್ವಿಂಟಲ್ ರಾಗಿಯ ಬೆಂಬಲ ಬೆಲೆ 2025-26ಕ್ಕೆ 4,886 ರೂಪಾಯಿ, ಅಂದರೆ ಕೆಜಿಗೆ 49. ಒಂದು ಲೋಟಕ್ಕೆ 30 ಗ್ರಾಂ ಹಿಟ್ಟು ಹಿಡಿದರೂ ರಾಗಿಯ ಖರ್ಚು ಒಂದೂವರೆ ರೂಪಾಯಿ. ಬೆಲ್ಲ, ಹಾಲು, ಗ್ಯಾಸು ಸೇರಿಸಿ ಎಷ್ಟಾಗುತ್ತೆ ಅಂತ ಯಾವುದಾದರೂ ಒಂದು ಕಾಲೇಜು ಲೆಕ್ಕ ಹಾಕಿ ಒಂದು ಟರ್ಮ್ ನಡೆಸಿ ನೋಡಲಿ. ನೀಲಿ ಮಾತ್ರೆಯನ್ನೂ ಆ ಊಟ ಆದ ಮೇಲೆಯೇ ಕೊಡಲಿ. ಟರ್ಮ್ ಶುರುವಿಗೆ ಒಂದು ಸಲ, ಕೊನೆಗೆ ಒಂದು ಸಲ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸೋದಕ್ಕೆ ತಾಲ್ಲೂಕು ಆಸ್ಪತ್ರೆಯ ಸ್ನೇಹಾ ಕ್ಲಿನಿಕ್ ಹತ್ತಿರದಲ್ಲೇ ಇದೆ.